ಹೂವು ಕಾಯದು

ಕಾಲೇಜಿನ ಐದಾರು ಮಂದಿ ಕೂಡಿ ಕಿರುಚಿತ್ರ ತೆಗೆಯಲು ಹೊರಟರೆ ಮನೆಯ ಹಿರಿಯರು ಅದನ್ನು ಆಟವೆಂದೆಣಿಸುವುದುಂಟು. ನಾವು ಹಾಗೆಣಿಸೆವು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ. ಕೆ. ಮೂರ್ತಿಯವರು 2008ನೆಯ ವರ್ಷದ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರಷ್ಟೆ.

ಆದರೆ ಕೊಡಗಿನಲ್ಲಿ ಈ ಕೆಲಸಕ್ಕೆ ಮಳೆಯೂ ಪಂಚಾಂಗವೂ ಯಜಮಾನರು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರಳುವ ಕಾಫಿಯ ಹೂವು ಮೂರು ನಾಲ್ಕು ದಿನಗಳಲ್ಲಿ ಬಾಡುತ್ತದೆ. ತಲಕಾವೇರಿಯ ತೀರ್ಥೋದ್ಭವವು ಅಕ್ಟೋಬರಿನ ತುಲಾಸಂಕ್ರಮಣದಂದು, ವರ್ಷಕ್ಕೊಮ್ಮೆ. ಮುಹೂರ್ತವು ನಡುರಾತ್ರಿಗೂ ಬಂದೀತು. ತಪ್ಪಿಸಿಕೊಂಡವರು ಮರುವರ್ಷದವರೆಗೆ ಕಾಯಬೇಕು. ಅಷ್ಟರಲ್ಲಿ ಗುಂಪಿನವರು ಕಾಲೇಜನ್ನೇ ಬಿಟ್ಟಿರಬಹುದು.

ಆದುದರಿಂದ ಮೊದಲು ಮರಳಿ ಬಾರದ ದೃಶ್ಯಗಳ ಪಟ್ಟಿಯಾಗತಕ್ಕದ್ದು. ಐನ್‌ಮನೆಯ ಜಗಲಿ ಕಾಯುತ್ತದೆ. ಅದರ ಮೇಲೆ ಕುಳಿತ ತೊಂಬತ್ತು ವರ್ಷದ ಅಜ್ಜನ ಮಾತು ಕಾಯದು. ಅದನ್ನು ಮೊದಲೇ ತೆಗೆದಿಡಬೇಕು.

ಅನಂತರ, ತೋಟದ ರೈಟರು ದಿನದಿನವೂ ಹಾಜರಿ ಬರೆಯುವಂತೆ, ಗುಂಪಿನಲ್ಲೊಬ್ಬರು ಸಂಜೆಗೆ ಲೆಕ್ಕ ಬರೆಯಲಿ. ಆಗಬೇಕಾದುದು, ಆದುದು, ಹೊಣೆ ಯಾರದು ಎಂಬ ಮೂರು ಅಂಕಣಗಳು ಸಾಕು. ಅಂದು ತೆಗೆದ ಚಿತ್ರಗಳ ಪ್ರತಿಯನ್ನು ಅಂದೇ ಎರಡು ಕಡೆಗಳಲ್ಲಿಡಲಿ. ಕೆಲಸ ಹಿಂದೆ ಬಿದ್ದುದು ವಾರದೊಳಗೆ ತಿಳಿದರೆ ಒಂದು ದೃಶ್ಯವನ್ನು ಕೈಬಿಟ್ಟರಾಯಿತು. ಕೊನೆಯ ದಿನ ತಿಳಿದರೆ ತಪ್ಪನ್ನು ಒಬ್ಬರ ಮೇಲೊಬ್ಬರು ಹೊರಿಸಿ ಸ್ನೇಹವೇ ಮುರಿದೀತು.

ಹಿರಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳನ್ನು “ಮುಗಿಯಿತೆ?” ಎಂದು ಕೇಳುವುದಕ್ಕೆ ಬದಲಾಗಿ “ಲೆಕ್ಕದ ಪುಸ್ತಕ ತೋರಿಸು” ಎನ್ನಿರಿ.