ಟೇಪಿಗೂ ತಾಳೆ ಬೇಕು

ಮಕ್ಕಳೇ, ಹಾಡು ಕೇಳುವ ಕ್ಯಾಸೆಟ್ಟಿನಲ್ಲಿ ಕಂಪ್ಯೂಟರಿನ ಬರಹವನ್ನೂ ಇಡುತ್ತಿದ್ದರು, ಗೊತ್ತೇ?

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಟ್ಟಿತು. ಮಾಮೂಲಿ ಟೇಪ್‌ರೆಕಾರ್ಡರನ್ನು ಅದಕ್ಕೆ ಜೋಡಿಸಬಹುದಿತ್ತು. ಕಂಪ್ಯೂಟರಿನ ಬರಹವೆಲ್ಲ ಸೊನ್ನೆ ಮತ್ತು ಒಂದು. ಸೊನ್ನೆಗೆ ಸೆಕೆಂಡಿಗೆ 1200 ಕಂಪನದ ದನಿ, ಒಂದಕ್ಕೆ 2400ರ ಕೀಚು ದನಿ. ಕೇಳಿದರೆ ಜೀರುಂಡೆ ಕೂಗಿದಂತೆ! ಸೆಕೆಂಡಿಗೆ ಹೆಚ್ಚೆಂದರೆ 120 ಇಂಗ್ಲಿಷ್ ಅಕ್ಷರ. 3 ಎಂಬಿಯ ಒಂದು ಮೊಬೈಲ್ ಫೋಟೊ ಇಡಲು ಸುಮಾರು 7 ಗಂಟೆ ಬೇಕು.

ಟೇಪು ಸುಕ್ಕಾದರೆ ದನಿ ಕೆಟ್ಟು ಬರಹವೂ ಕೆಡುತ್ತದೆ. ಅದಕ್ಕೇ 256 ಅಕ್ಷರಕ್ಕೊಂದು ಕಂತು, ಪ್ರತಿ ಕಂತಿಗೂ ಒಂದು ತಾಳೆ ಸಂಖ್ಯೆ. ಓದುವಾಗ ತಾಳೆಯಾಗದಿದ್ದರೆ ‘ಟೇಪು ಹಿಂದಕ್ಕೆ ಸುತ್ತಿ’ ಎಂದು ಪರದೆಯ ಮೇಲೆ ಬರುತ್ತಿತ್ತು. ಬಳ್ಳಾರಿಯ ನಮ್ಮ ಬ್ಯಾಂಕಿನಲ್ಲೂ ಇದೇ ಕಟ್ಟಳೆ: ಸಂಜೆ ಕ್ಯಾಶ್ ತಾಳೆಯಾಗದೆ ಯಾರೂ ಸಿರುಗುಪ್ಪದ ಬಸ್ ಹತ್ತುವಂತಿರಲಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರ ದನಿ ಇರುವ ಕ್ಯಾಸೆಟ್ ಇದ್ದರೆ ಈ ರಜೆಯಲ್ಲೇ ನಕಲು ಮಾಡಿಸಿ. ಟೇಪು ವರ್ಷ ಕಳೆದಂತೆ ಕೆಡುತ್ತದೆ. ಅದಕ್ಕೆ ತಾಳೆ ಸಂಖ್ಯೆ ಇಲ್ಲ. ಅಜ್ಜಿಯನ್ನು ಕೂರಿಸಿಕೊಂಡು ನಕಲನ್ನು ಕೊನೆಯವರೆಗೂ ಕೇಳಿ. ಮಾತು ಎಲ್ಲಿ ತಪ್ಪಿದೆ ಎಂದು ಅವರೇ ಹೇಳುತ್ತಾರೆ.