ದಿವಾಳಿಯಾದವರ ಕಾರಿಗೂ ವಿಮೆ

ಬೀದರದಿಂದ ಔರಾದಕ್ಕೆ ಹೋಗುವ ದಾರಿಯಲ್ಲಿ ಸಂತಪುರವಿದೆ. ಅಲ್ಲಿಯ ಒಬ್ಬ ಕಾಳು ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ತೊಗರಿಯ ಬೆಲೆ ಬಿದ್ದ ವರ್ಷ ಅವರ ವ್ಯಾಪಾರ ಮುಳುಗಿತು. ಸಾಲ ಕೊಟ್ಟವರು ಬಾಗಿಲಿಗೆ ಬಂದರು, ಕಂತು ತುಂಬಲಾಗದ ಕಾರನ್ನು ಬ್ಯಾಂಕಿನವರು ಒಯ್ದರು. ‘ದಿವಾಳಿ ತೆಗೆದ’ ಎಂಬ ಮಾತು ಊರಿನಲ್ಲಿ ಹಬ್ಬಿತು. ಕೆಲ ವರ್ಷಗಳ ನಂತರ ಹೇಗೋ ಚೇತರಿಸಿಕೊಂಡು, ವಯಸ್ಸಾದ ತಾಯಿಯನ್ನು ಬೀದರದ ಆಸ್ಪತ್ರೆಗೆ ಕರೆದೊಯ್ಯಲೆಂದು ಈಗ ಒಂದು ಹಳೆಯ ಕಾರು ಕೊಳ್ಳುತ್ತಿದ್ದಾರೆ. ವಿಮೆಯ ಮಾತು ಬಂದಾಗ ಮಾತ್ರ ಅವರಿಗೆ ಅಳುಕು. ದಿವಾಳಿಯಾದವರಿಗೆ ಕಾರಿನ ವಿಮೆ ಬಹಳ ದುಬಾರಿಯೆಂದು ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ಹೇಳಿದ್ದಾರೆ. ‘ಅಪ್ಪಾ, ಇನ್ಶೂರೆನ್ಸ್?’ ಎಂದು ಪಿಯುಸಿ ಓದುವ ಮಗ ಕೇಳಿದರೆ, ‘ಬ್ಯಾಡ ಬಿಡೋ, ಊರಾಗಷ್ಟೇ ಓಡಿಸೋದು ಅಲ್ಲೇನು?’ ಎಂಬ ಉತ್ತರ.

ಸಂಬಂಧಿಕರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಆ ದೇಶದ ಮಾತು. ಅಲ್ಲಿಯ ಹೆಚ್ಚಿನ ರಾಜ್ಯಗಳಲ್ಲಿ ವಿಮಾ ಕಂಪನಿಗಳು ಗಿರಾಕಿಯ ಸಾಲದ ಚರಿತ್ರೆಯನ್ನೂ ನೋಡಿ ಕಂತು ನಿಗದಿ ಮಾಡುತ್ತವೆ. ದಿವಾಳಿಯ ದಾಖಲೆ ಹತ್ತು ವರ್ಷದವರೆಗೂ ಆ ಚರಿತ್ರೆಯಲ್ಲಿ ಉಳಿಯಬಹುದು. ಸಾಲ ತಪ್ಪಿದವರು ವಿಮೆಯ ಹಣವನ್ನೂ ಹೆಚ್ಚಾಗಿ ಕೇಳುತ್ತಾರೆಂಬುದು ಕಂಪನಿಗಳ ಲೆಕ್ಕ. ವಿಜ್ಞಾನ ಓದುವ ಮಕ್ಕಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಡೆಗಳು ಹೆಚ್ಚು ಕಂಡ ದಿನ ಬೀದಿಯಲ್ಲಿ ಕೆಸರೂ ಹೆಚ್ಚಿರುತ್ತದೆ. ಹಾಗೆಂದು ಕೊಡೆಯೇ ಕೆಸರು ಮಾಡಿತು ಎನ್ನಬಹುದೇ? ಜೊತೆಯಲ್ಲಿ ಕಾಣುವುದೆಲ್ಲ ಕಾರಣವಲ್ಲ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಹವಾಯಿ ರಾಜ್ಯಗಳು ಕಾರಿನ ವಿಮೆಗೆ ಈ ಲೆಕ್ಕವನ್ನು ಒಪ್ಪಿಲ್ಲ.

ನಮ್ಮಲ್ಲಿ ಕಾನೂನು ಕಡ್ಡಾಯ ಮಾಡಿರುವುದು ‘ಥರ್ಡ್ ಪಾರ್ಟಿ’ ವಿಮೆ. ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿನಷ್ಟಕ್ಕೆ ಇದು ಸಂಬಂಧಿಸಿದ್ದು. ಇದರ ದರವನ್ನು ಕಂಪನಿ ಇಡುವುದಿಲ್ಲ, ಸರ್ಕಾರ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ, 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ.ವರೆಗೆ 3,416, ಅದಕ್ಕೂ ಮೇಲೆ 7,897, ತೆರಿಗೆ ಬೇರೆ. ಪಟ್ಟಿ ಕೇಳುವುದು ಎಂಜಿನ್ನಿನ ಗಾತ್ರವನ್ನು. ಮಾಲೀಕನ ಹಳೆಯ ಸಾಲದ ಮಾತು ಅದರಲ್ಲಿಲ್ಲ.

ಹಾಗಾದರೆ ಕಾನೂನಿಗೆ ದಿವಾಳಿಯ ಯೋಚನೆಯೇ ಬರಲಿಲ್ಲವೇ? ಬಂದಿತ್ತು, ಆದರೆ ಬೇರೆ ದಿಕ್ಕಿನಿಂದ. ಒಬ್ಬನ ಕಾರು ದಾರಿಹೋಕನಿಗೆ ಬಡಿಯಿತೆನ್ನಿ. ಪರಿಹಾರ ಕೈಗೆ ಬರುವ ಮೊದಲೇ ಕಾರಿನ ಮಾಲೀಕ ದಿವಾಳಿಯಾದ. ವಿಮಾ ಕಂಪನಿ ಕೊಡುವ ಹಣ ಯಾರಿಗೆ ಸೇರಬೇಕು? ಅದು ಮಾಲೀಕನ ಆಸ್ತಿಯೆಂದು ಎಣಿಸಿದರೆ ಸಾಲ ಕೊಟ್ಟವರೆಲ್ಲ ಹಂಚಿಕೊಳ್ಳುತ್ತಾರೆ, ಕಾಲು ಕಳೆದುಕೊಂಡವನಿಗೆ ಪುಡಿಗಾಸು ಸಿಗುತ್ತದೆ. ಈ ಅನ್ಯಾಯ ತಡೆಯಲು ಬ್ರಿಟನ್ 1930ರಲ್ಲಿ ಒಂದು ಕಾಯ್ದೆ ಮಾಡಿತು. ಮಾಲೀಕ ದಿವಾಳಿಯಾದರೆ ವಿಮಾ ಕಂಪನಿಯ ಮೇಲಿನ ಅವನ ಹಕ್ಕು ನೇರವಾಗಿ ಗಾಯಗೊಂಡವನಿಗೆ ಹೋಗಬೇಕು ಎಂಬುದೇ ಅದರ ತಿರುಳು. ನಮ್ಮ 1939ರ ಮೋಟಾರು ವಾಹನ ಕಾಯ್ದೆ ಇದನ್ನು ತೆಗೆದುಕೊಂಡಿತು, 1988ರ ಕಾಯ್ದೆ ಉಳಿಸಿಕೊಂಡಿತು. ಮಾಲೀಕ ಸೋತರೂ ಬೀದಿಯವನಿಗೆ ಪರಿಹಾರ ಸಿಗಬೇಕೆಂಬ ಈ ಏರ್ಪಾಟಿಗೆ ಆಧಾರ ಚಾಲ್ತಿಯಲ್ಲಿರುವ ಒಂದು ಪಾಲಿಸಿ.

ಅದಿಲ್ಲದಿದ್ದರೆ? ಪೊಲೀಸರು ಹಿಡಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅದು ಸಣ್ಣದು. ಅಪಘಾತದಲ್ಲಿ ದುಡಿಯುವ ಒಬ್ಬನು ಸತ್ತರೆ ನ್ಯಾಯಮಂಡಳಿ ಅವನ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ಪರಿಹಾರ ಕಟ್ಟುತ್ತದೆ, ಅದು ಲಕ್ಷಗಳಲ್ಲಿರುತ್ತದೆ. ಒಮ್ಮೆ ಮುಳುಗಿ ಎದ್ದ ಮನೆ ಅದನ್ನು ಎಲ್ಲಿಂದ ತಂದೀತು? ‘ಊರಾಗಷ್ಟೇ’ ಎನ್ನುವವರು ಮಕ್ಕಳು, ದನಕರು ರಸ್ತೆಗೆ ಅಡ್ಡ ಬರುವುದು ಊರೊಳಗೇ ಎಂಬುದನ್ನು ಮರೆಯುತ್ತಾರೆ.

ನಮ್ಮ ವ್ಯಾಪಾರಿಗೆ ತೊಡಕಾಗುವುದು ದಿವಾಳಿಯ ಹೆಸರಲ್ಲ, ಅದು ಬಿಟ್ಟುಹೋದ ಕಾಗದಪತ್ರಗಳು. ಸ್ವಂತ ಕಾರಿನ ನಷ್ಟಕ್ಕೂ ವಿಮೆ ಬೇಕೆಂದರೆ ಆ ಭಾಗದ ದರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಪರಿಹಾರ ಕೇಳದ ವರ್ಷಗಳಿಗೆ ಅದರಲ್ಲಿ 20ರಿಂದ 50 ಶೇಕಡಾವರೆಗೆ ‘ನೋ ಕ್ಲೇಮ್ ಬೋನಸ್’ ರಿಯಾಯಿತಿ ಉಂಟು. ಪಾಲಿಸಿಯ ಅವಧಿ ಮುಗಿದು 90 ದಿನ ದಾಟಿದರೆ ಅದು ಹೋಗುತ್ತದೆ. ಹೋದ ರಿಯಾಯಿತಿ ಇದೆಯೆಂದು ಅರ್ಜಿಯಲ್ಲಿ ಬರೆದರೆ ಮುಂದೆ ಪರಿಹಾರಕ್ಕೇ ಕುತ್ತು. ಹಳೆಯ ಕಾರು ಮಾರಿದವರ ರಿಯಾಯಿತಿಯೂ ಕೊಂಡವರಿಗೆ ಬರುವುದಿಲ್ಲ, ಏಕೆಂದರೆ ಅದು ಮನುಷ್ಯನಿಗೆ ಸೇರಿದ್ದು, ಗಾಡಿಗಲ್ಲ. ಕೊಂಡ 14 ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಆರ್.ಸಿ.ಯಲ್ಲಿ ಹಿಂದಿನವರ ಬ್ಯಾಂಕಿನ ಹೆಸರು ಉಳಿದಿದೆಯೇ ಎಂದೂ ನೋಡಬೇಕು. ಉಳಿದಿದ್ದರೆ ಬ್ಯಾಂಕಿನ ‘ಎನ್.ಒ.ಸಿ.’ ಮತ್ತು ಫಾರಂ 35 ತರಿಸಿಕೊಂಡು ತೆಗೆಸಬೇಕು. ಇಲ್ಲವಾದರೆ ಕಾರು ಪೂರ್ತಿ ನಾಶವಾದಾಗ ಬರುವ ಹಣಕ್ಕೆ ಮೊದಲ ಹಕ್ಕುದಾರ ಆ ಬ್ಯಾಂಕು.

ಇನ್ನು ಚೆಕ್ಕಿನ ವಿಷಯ. 1938ರ ವಿಮಾ ಕಾಯ್ದೆಯಂತೆ ಕಂತಿನ ಹಣ ಮುಂಗಡ ಸಂದಾಯವಾಗಬೇಕು, ಉದ್ರಿ ನಡೆಯದು. ಚೆಕ್ಕು ಬೌನ್ಸಾದರೂ, ಪಾಲಿಸಿ ರದ್ದಾಗುವ ಮೊದಲೇ ಅಪಘಾತ ನಡೆದಿದ್ದರೆ ಕಂಪನಿಯು ಗಾಯಗೊಂಡವರಿಗೆ ಹಣ ಕೊಡಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆ ಹಣವನ್ನು ಕಂಪನಿ ಆಮೇಲೆ ಮಾಲೀಕನಿಂದ ವಸೂಲು ಮಾಡಬಹುದು. ಆದ್ದರಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆಯುವುದಕ್ಕಿಂತ ನಾಲ್ಕು ದಿನ ಕಾರನ್ನು ಮನೆಯ ಮುಂದೆ ನಿಲ್ಲಿಸಿ, ತಾಯಿಯನ್ನು ಬಸ್ಸಿನಲ್ಲೇ ಬೀದರಕ್ಕೆ ಕರೆದೊಯ್ಯುವುದು ಲೇಸು. ಪಾಲಿಸಿ ಕೈಗೆ ಬಂದ ದಿನ ಮಗ ಅದರಲ್ಲಿ ಗಾಡಿಯ ನಂಬರು, ಎಂಜಿನ್ ನಂಬರು, ವಿಮೆ ಶುರುವಾಗುವ ತಾರೀಖು ಮತ್ತು ವೇಳೆಯನ್ನು ಆರ್.ಸಿ. ಪಕ್ಕದಲ್ಲಿಟ್ಟುಕೊಂಡು ಓದಿ ನೋಡಲಿ.