ಕೀಲಿಕೈ ಒಬ್ಬರ ಕೈಯಲ್ಲಿಲ್ಲ: ಅಮೆರಿಕದ ಸಂವಿಧಾನವೂ ಉಕ್ಕಿನ ಕಾರ್ಖಾನೆಗಳ ಮೊಕದ್ದಮೆಯೂ

ಶಿಸ್ತುಳ್ಳ ಯಾವ ವ್ಯಾಪಾರ ಸಂಸ್ಥೆಯಲ್ಲೂ ನಗದು ಪೆಟ್ಟಿಗೆಯ ಕೀಲಿಕೈ ಹಿಡಿದವರಿಗೇ ಖಾತೆ ಬರೆಯುವ ಕೆಲಸವನ್ನೂ ಒಪ್ಪಿಸುವುದಿಲ್ಲ. ಖರ್ಚಿಗೆ ಮಂಜೂರಾತಿ ನೀಡುವವರು ಒಬ್ಬರು, ಹಣ ಪಾವತಿಸುವವರು ಇನ್ನೊಬ್ಬರು, ಎರಡನ್ನೂ ಪರಿಶೀಲಿಸುವ ಲೆಕ್ಕಪರಿಶೋಧಕರು ಮತ್ತೊಬ್ಬರು. ಇದು ಯಾರ ಪ್ರಾಮಾಣಿಕತೆಯ ಮೇಲಿನ ಸಂದೇಹವೂ ಅಲ್ಲ; ಪ್ರಾಮಾಣಿಕರೂ ಅವಸರದಲ್ಲಿ ತಪ್ಪಬಹುದೆಂಬ ಅರಿವು ಮಾತ್ರ. 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾಗಿ 1789ರಲ್ಲಿ ಜಾರಿಗೆ ಬಂದ ಅಮೆರಿಕದ ಸಂವಿಧಾನವು ಇಡೀ ರಾಷ್ಟ್ರದ ಆಡಳಿತಕ್ಕೆ ಇದೇ ನಿಯಮವನ್ನು ಅನ್ವಯಿಸಿದೆ.

ಆ ಸಂವಿಧಾನದ ಮೊದಲ ವಿಧಿಯು ಶಾಸನ ರಚನೆಯ ಅಧಿಕಾರವನ್ನು ಪ್ರತಿನಿಧಿ ಸಭೆ ಮತ್ತು ಸೆನೆಟ್‌ಗಳನ್ನೊಳಗೊಂಡ ಕಾಂಗ್ರೆಸ್ಸಿಗೆ ಕೊಡುತ್ತದೆ. ತೆರಿಗೆ ಹಾಗೂ ಸುಂಕ ವಿಧಿಸುವ, ವಿದೇಶಿ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವೂ ಅದಕ್ಕೇ ಸೇರಿದ್ದು. ಕಾನೂನಿನ ಮೂಲಕ ಮಂಜೂರಾಗದ ಹೊರತು ಬೊಕ್ಕಸದಿಂದ ಹಣ ತೆಗೆಯುವಂತಿಲ್ಲ. ಎರಡನೆಯ ವಿಧಿಯು ಕಾನೂನುಗಳನ್ನು ನಿಷ್ಠೆಯಿಂದ ಜಾರಿಗೊಳಿಸುವ ಹೊಣೆಯನ್ನು ಅಧ್ಯಕ್ಷರಿಗೆ ವಹಿಸುತ್ತದೆ. ಮೂರನೆಯದು ನ್ಯಾಯಾಂಗಕ್ಕೆ ಸಂಬಂಧಿಸಿದ್ದು. ಅಧ್ಯಕ್ಷರು ಮಸೂದೆಯನ್ನು ತಡೆಹಿಡಿಯಬಹುದು. ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಆ ತಡೆಯನ್ನು ಮೀರಬಹುದು. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಸೆನೆಟ್‌ನ ಒಪ್ಪಿಗೆ ಪಡೆದು ನೇಮಿಸುತ್ತಾರೆ. ಆದರೆ ನೇಮಕವಾದ ಮೇಲೆ ಅವರ ವೇತನವನ್ನು ಕಡಿತಗೊಳಿಸುವಂತಿಲ್ಲ, ಮಹಾಭಿಯೋಗದ ಹೊರತು ಅವರನ್ನು ಪದಚ್ಯುತಗೊಳಿಸುವಂತೆಯೂ ಇಲ್ಲ.

ಕಾಗದದ ಮೇಲಿನ ಈ ವ್ಯವಸ್ಥೆ ಸಂಕಟಕಾಲದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ 1952ರ ಉಕ್ಕಿನ ಕಾರ್ಖಾನೆಗಳ ಪ್ರಕರಣಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕು ಕಾರ್ಮಿಕರ ಸಂಘವು ಕೂಲಿ ಹೆಚ್ಚಳ ಕೇಳಿತ್ತು. ಬೆಲೆ ಏರಿಸಲು ಸರ್ಕಾರ ಸಾಕಷ್ಟು ಅನುಮತಿ ನೀಡದೆ ಕೂಲಿ ಏರಿಸಲಾಗದೆಂದು ಕಂಪನಿಗಳು ಪಟ್ಟು ಹಿಡಿದಿದ್ದವು. ಮುಷ್ಕರವಾದರೆ ರಣರಂಗದ ಸೈನಿಕರಿಗೆ ಶಸ್ತ್ರಾಸ್ತ್ರದ ಕೊರತೆಯಾದೀತೆಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಆತಂಕಗೊಂಡರು. ಏಪ್ರಿಲ್ 8ರಂದು ಅವರು ದೇಶದ ಪ್ರಮುಖ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ಪಡೆಯುವಂತೆ ವಾಣಿಜ್ಯ ಕಾರ್ಯದರ್ಶಿ ಚಾರ್ಲ್ಸ್ ಸಾಯರ್ ಅವರಿಗೆ ಆದೇಶ ನೀಡಿದರು.

ಕಾಂಗ್ರೆಸ್ ಇಂಥ ಅಧಿಕಾರವನ್ನು ಅವರಿಗೆ ಕೊಟ್ಟಿರಲಿಲ್ಲ. 1947ರ ಟಾಫ್ಟ್–ಹಾರ್ಟ್ಲಿ ಕಾಯಿದೆಯು ರಾಷ್ಟ್ರೀಯ ತುರ್ತಿನ ಮುಷ್ಕರಗಳನ್ನು ನ್ಯಾಯಾಲಯದ ಮೂಲಕ 80 ದಿನಗಳ ಕಾಲ ತಡೆಯುವ ಮಾರ್ಗವನ್ನಷ್ಟೇ ತೋರಿತ್ತು. ಉದ್ಯಮಗಳನ್ನು ವಶಪಡಿಸಿಕೊಳ್ಳಲು ಅವಕಾಶ ನೀಡುವ ತಿದ್ದುಪಡಿ ಅಂದೇ ತಿರಸ್ಕೃತವಾಗಿತ್ತು. ಆ ಕಾಯಿದೆಯನ್ನು ಟ್ರೂಮನ್ ಅವರೇ ತಡೆಹಿಡಿದಿದ್ದರು. ಕಾಂಗ್ರೆಸ್ ಅವರ ತಡೆಯನ್ನು ಮೀರಿ ಅದನ್ನು ಜಾರಿಗೆ ತಂದಿತ್ತು.

ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಜೂನ್ 2ರಂದು ಸರ್ವೋಚ್ಚ ನ್ಯಾಯಾಲಯವು 6–3 ಬಹುಮತದಿಂದ ಆದೇಶವನ್ನು ಅಸಿಂಧುವೆಂದು ಸಾರಿತು. ಅಧ್ಯಕ್ಷರ ಅಧಿಕಾರವು ಸಂವಿಧಾನದಿಂದ ಅಥವಾ ಕಾಂಗ್ರೆಸ್ಸಿನ ಕಾಯಿದೆಯಿಂದ ಬರಬೇಕು, ಸಂದರ್ಭದ ಒತ್ತಡದಿಂದಲ್ಲ ಎಂಬುದು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಅವರ ತೀರ್ಪಿನ ಸಾರ. ಆ ಪೀಠದ ಒಂಬತ್ತೂ ನ್ಯಾಯಮೂರ್ತಿಗಳು ಟ್ರೂಮನ್ ಅಥವಾ ಅವರದೇ ಪಕ್ಷದ ರೂಸ್‌ವೆಲ್ಟ್ ಅವರಿಂದ ನೇಮಕಗೊಂಡವರೆಂಬುದು ಗಮನಾರ್ಹ. ಟ್ರೂಮನ್ ಅವರಲ್ಲಿ ಅಟಾರ್ನಿ ಜನರಲ್ ಆಗಿದ್ದ ಟಾಮ್ ಕ್ಲಾರ್ಕ್ ಸಹ ಬಹುಮತದ ಕಡೆಗೇ ನಿಂತರು. ತೀರ್ಪಿನಿಂದ ಅಸಮಾಧಾನಗೊಂಡರೂ ಅಧ್ಯಕ್ಷರು ಕಾರ್ಖಾನೆಗಳನ್ನು ಕೂಡಲೇ ಮಾಲೀಕರಿಗೆ ಹಿಂದಿರುಗಿಸಿದರು.

ಇದಕ್ಕೆ ತೆತ್ತ ಬೆಲೆಯನ್ನೂ ಖಾತೆಯ ಖರ್ಚಿನ ಕಡೆಗೆ ಬರೆಯಲೇಬೇಕು. ತೀರ್ಪಿನ ಬೆನ್ನಿಗೇ ಐದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದರು. ಯುದ್ಧಕಾಲದಲ್ಲಿ 53 ದಿನ ಮುಷ್ಕರ ನಡೆಯಿತು. ಉಕ್ಕನ್ನು ನಂಬಿದ್ದ ಇತರ ಕಾರ್ಖಾನೆಗಳೂ ತೊಂದರೆಗೀಡಾದವು. ಅಧ್ಯಕ್ಷರ ಉದ್ದೇಶ ದುರುದ್ದೇಶವಾಗಿರಲಿಲ್ಲ. ಆದರೂ ನ್ಯಾಯಾಲಯದ ದಾರಿಯೇ ಸರಿಯಾದದ್ದು. ಒಳ್ಳೆಯ ಕಾರಣಕ್ಕೆ ಕಾನೂನಿಲ್ಲದೆ ಕಾರ್ಖಾನೆಗೆ ಬೀಗ ಹಾಕಬಲ್ಲ ಕೈ, ನಾಳೆ ಕೆಟ್ಟ ಕಾರಣಕ್ಕೂ ಹಾಕಬಲ್ಲದು. ಮುಷ್ಕರದ ನಷ್ಟವನ್ನು ಒಂದೆರಡು ವರ್ಷಗಳಲ್ಲಿ ತುಂಬಿಕೊಳ್ಳಬಹುದು. ಆಸ್ತಿಯ ಮೇಲಿನ ಭರವಸೆ ಒಮ್ಮೆ ಹೋದರೆ ಬಂಡವಾಳ ಹೂಡುವ ಧೈರ್ಯವೂ ಅದರೊಡನೆ ಹೋಗುತ್ತದೆ.

ಇದು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. 2025ರಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯಿದೆಯನ್ನು ಆಧರಿಸಿ ಅನೇಕ ದೇಶಗಳ ಸರಕಿನ ಮೇಲೆ ಸುಂಕ ವಿಧಿಸಿದರು. ಭಾರತದ ಹಲವು ಸರಕುಗಳ ಮೇಲೆ ಆ ವರ್ಷದ ಆಗಸ್ಟ್ ಕೊನೆಯ ಹೊತ್ತಿಗೆ ಈ ಹೆಚ್ಚುವರಿ ಸುಂಕ ಶೇಕಡ 50ಕ್ಕೆ ಮುಟ್ಟಿತು. ಇದನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ಸಣ್ಣ ಆಮದುದಾರರೂ ಇದ್ದರು. ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವು 2025ರ ಮೇ 28ರಂದು ಅವರ ಪರವಾಗಿ ತೀರ್ಪು ನೀಡಿತು. 2026ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕಾಯಿದೆಯು ಸುಂಕ ವಿಧಿಸಲು ಅಧಿಕಾರ ಕೊಡುವುದಿಲ್ಲವೆಂದು 6–3 ಬಹುಮತದಿಂದ ನಿರ್ಣಯಿಸಿತು. ದೇಶದ ಅತ್ಯುನ್ನತ ಅಧಿಕಾರಿಯ ಆದೇಶವನ್ನು ಸಣ್ಣ ವರ್ತಕರು ಪ್ರಶ್ನಿಸಿ ಗೆಲ್ಲಬಹುದಾದುದು ಅಧಿಕಾರ ವಿಭಜನೆಯ ಫಲ.

ಅಮೆರಿಕಕ್ಕೆ ಸಿದ್ಧ ಉಡುಪು, ಯಂತ್ರದ ಬಿಡಿಭಾಗ ಮುಂತಾದವನ್ನು ಕಳುಹಿಸುವ ನಮ್ಮ ಉದ್ಯಮಿಗಳು ಇದರಿಂದ ಒಂದು ವ್ಯಾವಹಾರಿಕ ಪಾಠ ಕಲಿಯಬಹುದು. ಅಧ್ಯಕ್ಷರು ಸುಂಕ ಪ್ರಕಟಿಸಿದರೆಂಬ ಸುದ್ದಿ ಬಂದಾಗ ಪ್ರಮಾಣ ಎಷ್ಟೆಂದು ಕೇಳಿದರೆ ಸಾಲದು. ಯಾವ ಕಾಯಿದೆಯ ಬಲದ ಮೇಲೆಂದೂ ಕೇಳಬೇಕು. ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ ಆಮದು ನಿರ್ಬಂಧಿಸಲು 1962ರ ವ್ಯಾಪಾರ ವಿಸ್ತರಣಾ ಕಾಯಿದೆ ಅಧ್ಯಕ್ಷರಿಗೆ ಸ್ಪಷ್ಟ ಅಧಿಕಾರ ನೀಡಿದೆ. 2018ರಲ್ಲಿ ಉಕ್ಕಿನ ಮೇಲೆ ಶೇಕಡ 25ರ ಸುಂಕ ಬಂದದ್ದು ಅದರ ಅಡಿಯಲ್ಲಿ. ಅಂಥ ಸುಂಕ ಗಟ್ಟಿಯಾಗಿ ನಿಲ್ಲಬಲ್ಲದು. ಕಾಂಗ್ರೆಸ್ಸಿನ ಸಮ್ಮತಿ ಅಸ್ಪಷ್ಟವಾಗಿರುವ ಸುಂಕ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಸುಂಕ ಏರಿದರೆ ಹೊರೆ ಯಾರದು, ಮರಳಿ ಬಂದರೆ ಲಾಭ ಯಾರದು ಎಂಬುದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಜಾಣತನ.

ಮೂರು ಅಂಗಗಳ ವ್ಯವಸ್ಥೆ ನಿಧಾನವಾದುದೆಂಬ ಆಕ್ಷೇಪ ನಿಜವೇ. ಎರಡು ಸಹಿ ಬೇಕಾದ ಚೆಕ್ಕೂ ನಿಧಾನವೇ. ಆದರೂ ಅನುಭವಸ್ಥ ವರ್ತಕರಾರೂ ಆ ಎರಡನೆಯ ಸಹಿಯನ್ನು ಬಿಟ್ಟುಬಿಡಿ ಎನ್ನುವುದಿಲ್ಲ.